ಜಾವಾ ಆರು ತಿಂಗಳಿಗೊಮ್ಮೆ ಬದಲಾದರೆ ಓದುವುದು ಯಾವಾಗ?

ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ಕೇಳುವುದು ಇದನ್ನೇ. ಲ್ಯಾಬಿನಲ್ಲಿ ಕಲಿತದ್ದು ಜಾವಾ ಪ್ರೋಗ್ರಾಮಿಂಗ್ ಭಾಷೆಯ 8ನೇ ಆವೃತ್ತಿ. ಸಂದರ್ಶನಕ್ಕೆ ಹೋದರೆ 17 ಗೊತ್ತಾ, 21 ಗೊತ್ತಾ ಅಂತಾರೆ. ಅಷ್ಟರಲ್ಲಿ 25 ಬಂದಾಯಿತು. ಇದನ್ನೆಲ್ಲ ಯಾವಾಗ ಓದೋದು ಸಾರ್?

ಎಲ್ಲವನ್ನೂ ಓದಬೇಡಿ ಅಂತಲೇ ನಾನು ಹೇಳುವುದು. ನಿಮ್ಮ ಕೋಡು ನಿಮ್ಮನ್ನು ಎಲ್ಲಿ ಸತಾಯಿಸಿತು ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಅದಕ್ಕೆ ಮದ್ದು ಯಾವ ಆವೃತ್ತಿಯಲ್ಲಿ ಬಂತು ಅಂತ ಹುಡುಕಿ.

ಇದನ್ನು ನನಗೆ ಕಲಿಸಿದ್ದು ಕನ್ನಡ. ಗುಬ್ಬಿ ಕಡೆಯ ಒಂದು ಹಾಲಿನ ಸಂಘಕ್ಕೆ ಸದಸ್ಯರ ಪಟ್ಟಿ ಮುದ್ರಿಸುವ ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಓಡಿತು. ಅವರ ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ ಹೆಸರುಗಳಿದ್ದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು. ಫಾಂಟಿನ ತೊಂದರೆ ಇರಬೇಕೆಂದು ಎರಡು ರಾತ್ರಿ ಫಾಂಟ್ ಬದಲಿಸುತ್ತಾ ಕೂತೆ. ತಪ್ಪು ನನ್ನ ಕೋಡಿನಲ್ಲೇ ಇತ್ತು. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಪದ್ಧತಿಗೆ ಎನ್‌ಕೋಡಿಂಗ್ ಅಂತಾರೆ. ಅಂಥದೊಂದಾದ ಯುಟಿಎಫ್-8ರಲ್ಲಿ ಕನ್ನಡದ ‘ಕ’ಕ್ಕೆ ಮೂರು ಬೈಟು, ‘ಕಿ’ ಬರೆದರೆ ಆ ಗುಡಿಸಿಗೆ ಇನ್ನೂ ಮೂರು. ಫೈಲ್ ಓದಿಕೊಡುವ ಜಾವಾದ ಫೈಲ್‌ರೀಡರ್‌ಗೆ ಯಾವ ಎನ್‌ಕೋಡಿಂಗ್ ಅಂತ ನಾನು ಹೇಳಿರಲಿಲ್ಲ. ಹೇಳದಿದ್ದರೆ ಹಳೆಯ ಜಾವಾ ಆಪರೇಟಿಂಗ್ ಸಿಸ್ಟಮ್ಮಿನ ವಾಡಿಕೆಯನ್ನು ಹಿಡಿಯುತ್ತಿತ್ತು. ಆ ವಿಂಡೋಸಿನಲ್ಲಿ ಅದು ಒಂದು ಬೈಟಿಗೆ ಒಂದು ಅಕ್ಷರ ಎಂದು ಓದುವ ವಿಂಡೋಸ್-1252 ಎನ್‌ಕೋಡಿಂಗ್. ಹೀಗಾಗಿ ಒಂದು ‘ಕ’ ಮೂರು ಚಿಹ್ನೆಯಾಗಿ ಒಡೆದು ಬಂತು.

ಮಾರ್ಚ್ 2022ರಲ್ಲಿ ಬಂದ ಜಾವಾ 18 ಎಲ್ಲ ಕಡೆಯೂ ಯುಟಿಎಫ್-8 ಅನ್ನೇ ಡಿಫಾಲ್ಟ್ ಮಾಡಿತು. ಆ ಬದಲಾವಣೆಯ ಪ್ರಸ್ತಾವ ಜೆಪ್ 400. ಅದನ್ನು ಓದುವಾಗ ನನಗೆ ಹೊಸದೇನನ್ನೋ ಕಲಿಯುತ್ತಿದ್ದೇನೆ ಅನ್ನಿಸಲೇ ಇಲ್ಲ, ನನ್ನದೇ ಕಥೆ ಓದಿದ ಹಾಗಿತ್ತು. (ಹಾಗಂತ ಎನ್‌ಕೋಡಿಂಗ್ ಬರೆಯುವುದನ್ನು ಬಿಡಬೇಡಿ. ನಿಮ್ಮ ಪ್ರೋಗ್ರಾಂ ನಾಳೆ ಯಾರ ಹಳೆಯ ಜಾವಾದ ಮೇಲೆ ಓಡುತ್ತದೋ.)

ಜಾವಾದ ಪ್ರತಿ ದೊಡ್ಡ ಬದಲಾವಣೆಗೂ ಇಂಥದೊಂದು ಜೆಪ್ ಇರುತ್ತದೆ, ಅದರಲ್ಲಿ ‘ಮೋಟಿವೇಶನ್’ ಅನ್ನುವ ಭಾಗ ಇರುತ್ತದೆ. ನಾನು ಮೊದಲು ಓದುವುದು ಅದನ್ನೇ. ಬೆಂಗಳೂರಿಗೆ ಹೋಗುವ ಬೆಳಗಿನ ರೈಲು ದಾಬಸ್‌ಪೇಟೆ ದಾಟುವಷ್ಟರಲ್ಲಿ ಒಂದು ಮುಗಿಯುತ್ತದೆ. ಅಲ್ಲಿ ಹೇಳಿದ ಕಷ್ಟ ನಾನು ಪಟ್ಟದ್ದಾದರೆ ಮುಂದೆ ಓದುತ್ತೇನೆ, ಇಲ್ಲದಿದ್ದರೆ ಹೆಸರು ನೆನಪಿಟ್ಟುಕೊಂಡು ಬಿಡುತ್ತೇನೆ.

‘ಪ್ರಿವ್ಯೂ’ ಅಂತ, ಅಂದರೆ ಇನ್ನೂ ಪರೀಕ್ಷೆಗೆಂದು, ಬರುವುದರ ಹಿಂದೆ ಓಡಬೇಡಿ. ವಾಕ್ಯದೊಳಗೆ ವೇರಿಯಬಲ್ ಸೇರಿಸುವ ಸ್ಟ್ರಿಂಗ್ ಟೆಂಪ್ಲೇಟ್ 21 ಮತ್ತು 22ರಲ್ಲಿ ಪ್ರಿವ್ಯೂ ಆಗಿತ್ತು, 23ರಲ್ಲಿ ತೆಗೆದೇಬಿಟ್ಟರು. ಪೂರ್ತಿ ಬಂದದ್ದೂ ಹದವಾಗಲು ಹೊತ್ತು ಬೇಕು. ಸೆಪ್ಟೆಂಬರ್ 2023ರ 21ರಲ್ಲಿ ವರ್ಚುವಲ್ ಥ್ರೆಡ್ (ಒಟ್ಟಿಗೇ ಸಾವಿರಾರು ಕೆಲಸ ನಡೆಸಲು ಬಳಸುವ ಹಗುರ ಥ್ರೆಡ್) ಬಂದಾಗ, ಸಿಂಕ್ರನೈಸ್ಡ್ ಬ್ಲಾಕಿನೊಳಗೆ (ಒಮ್ಮೆಗೆ ಒಂದೇ ಥ್ರೆಡ್ ಹೋಗಬಹುದಾದ ಕೋಡು) ಕಾಯುತ್ತಾ ನಿಂತ ವರ್ಚುವಲ್ ಥ್ರೆಡ್ ತನ್ನನ್ನು ಹೊತ್ತ ಓಎಸ್ ಥ್ರೆಡ್ಡನ್ನೂ ಹಿಡಿದಿಟ್ಟುಕೊಳ್ಳುತ್ತಿತ್ತು. ಅದು ಬಹುಮಟ್ಟಿಗೆ ಸರಿಹೋದದ್ದು ಮಾರ್ಚ್ 2025ರ 24ರಲ್ಲಿ. ಕೆಲಸದ ದೃಷ್ಟಿಯಿಂದ 17, 21, 25, ಈ ದೀರ್ಘಾವಧಿ ಬೆಂಬಲದ ಆವೃತ್ತಿಗಳು ಸಾಕು.

ಒಂದು ವಿಷಯದಲ್ಲಿ ಮಾತ್ರ ನಿಧಾನ ಸಲ್ಲದು. ಡಿಸೆಂಬರ್ 2021ರಲ್ಲಿ ಪ್ರೋಗ್ರಾಂ ಏನು ಮಾಡಿತೆಂದು ಲಾಗ್‌ನಲ್ಲಿ ಬರೆದಿಡುವ ಲಾಗ್4ಜೆ ಲೈಬ್ರರಿಯ ದೋಷ ಬಯಲಾದಾಗ, ಲಾಗ್‌ಗೆ ಬೀಳುವ ಒಂದು ಸಾಲನ್ನು ಕಳಿಸಿ ಹೊರಗಿನವರು ಸರ್ವರಿನಲ್ಲಿ ತಮ್ಮ ಕೋಡು ಓಡಿಸಬಹುದಿತ್ತು. ಅದೇ ತಿಂಗಳಲ್ಲಿ 2.15, 2.16, 2.17 ಅಂತ ಒಂದರ ಹಿಂದೊಂದು ತಿದ್ದುಪಡಿ ಬಂದವು. ನಮ್ಮ ಪ್ರಾಜೆಕ್ಟಿನಲ್ಲಿ ಅದು ಎಲ್ಲೆಲ್ಲಿ ಸೇರಿಕೊಂಡಿದೆ ಎಂದು ಹುಡುಕುವುದಕ್ಕೇ ನಮಗೆ ದಿನಗಟ್ಟಲೆ ಹಿಡಿಯಿತು. ನೀವು ಯಾವ ಲೈಬ್ರರಿಯ ಯಾವ ಆವೃತ್ತಿ ಬಳಸುತ್ತಿದ್ದೀರಿ ಅನ್ನುವುದು ಬಾಯಿಪಾಠ ಇರಲಿ. ಜಾವಾ ಬರೆಯಲು, ಓಡಿಸಲು ಬೇಕಾದ ಮೂಲ ಸಾಮಗ್ರಿಯಾದ ಜೆಡಿಕೆಯ ಭದ್ರತಾ ಪ್ಯಾಚುಗಳು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರಿನಲ್ಲಿ ಬರುತ್ತವೆ, ಬಂದ ಕೂಡಲೇ ಹಾಕಿಕೊಳ್ಳಿ.

ಎಲ್ಲಿಂದ ಶುರು ಮಾಡುವುದು ಅಂದರೆ, ನಿಮ್ಮ ಜಾವಾ 8ರ ಪ್ರಾಜೆಕ್ಟನ್ನೇ 25ರ ಮೇಲೆ ಓಡಿಸಿ ನೋಡಿ. ಇನ್‌ಆಕ್ಸೆಸಿಬಲ್ ಆಬ್ಜೆಕ್ಟ್ ಎಕ್ಸೆಪ್ಶನ್ ಬಂದರೆ ಯಾವುದೋ ಹಳೆಯ ಲೈಬ್ರರಿ ಜೆಡಿಕೆಯ ಒಳಗೆ ಕೈಹಾಕುತ್ತಿದೆ ಅಂತ ಅರ್ಥ. ಆ ಎರರ್ ಹಿಡಿದುಕೊಂಡು ಬನ್ನಿ, ಭಾನುವಾರ ಮನೆಯಲ್ಲೇ ಇರ್ತೀನಿ.