ಗೆಲ್ಲದಿದ್ದರೂ ವಡೆ ಹಾರ

ನಮ್ಮಕ್ಕ ಹರಕೆ ಹೊತ್ತಿದ್ದಳು. ಮಗ ದಸರಾ ಕುಸ್ತಿಯಲ್ಲಿ ಗೆದ್ದರೆ ಗರಡಿ ಹನುಮಪ್ಪನಿಗೆ 108 ವಡೆಯ ಹಾರ. ಹುಡುಗ ಗೆಲ್ಲಲಿಲ್ಲ. ಮೈಸೂರಿನ ದೊಡ್ಡಕೆರೆ ಮೈದಾನದಲ್ಲಿ, ಅಷ್ಟು ಜನರೆದುರಿಗೆ, ಎದುರಾಳಿ ಅವನನ್ನು ಎತ್ತಿ ಹಾಕಿದ. ಬಲಗೈ ಮೈಯಡಿ ಸಿಕ್ಕಿ ಭುಜ ಕಳಚಿತು. ಎದ್ದು ಕೂತವನು ಭುಜ ಮುಟ್ಟಿಯೂ ನೋಡಿಕೊಳ್ಳಲಿಲ್ಲ. ಗೆದ್ದವನ ಕೈ ಮೇಲೆತ್ತಿದ್ದನ್ನೇ ನೋಡುತ್ತಿದ್ದ.

ಮನೆಗೆ ಬಂದವರೆಲ್ಲ "ಮುಂದಿನ ವರ್ಷ ಇದೆಯಲ್ಲಪ್ಪ" ಅಂದರು. ನಾನೂ ಅಂದೆ, ಸುಳ್ಳೇಕೆ. ಅವನು ಗೋಡೆ ಕಡೆ ತಿರುಗಿ ಮಲಗಿದ.

ವಿಜಯದಶಮಿ ಬೆಳಗ್ಗೆ ಟಿವಿಯಲ್ಲಿ ಅರಮನೆಯ ವಜ್ರಮುಷ್ಟಿ ಕಾಳಗ ಬರುತ್ತಿತ್ತು. ನಿಂಬುಜಾದೇವಿಗೆ ಪೂಜೆ ಮಾಡಿ ಬರುವ ಜೆಟ್ಟಿಗಳು, ಅಂದರೆ ಪೈಲ್ವಾನರು, ಬೆರಳಿಗೆ ಮೊನೆಯಿರುವ ಆಯುಧ ತೊಟ್ಟು ಆಡುವ ಕಾಳಗ. ಒಬ್ಬನ ಬೋಳು ತಲೆಯಲ್ಲಿ ರಕ್ತ ಕಾಣಿಸಿದ್ದೇ ತಡ, ಕಾಳಗ ನಿಂತಿತು.

"ಅವರಲ್ಲಿ ಯಾರನ್ನೂ ಸೋತವನು ಅಂತ ಜನ ಆಡಿಕೊಳ್ಳಲ್ಲ, ಅಲ್ವಾ ಮಾವ?"

ಅಷ್ಟು ದಿನಕ್ಕೆ ಅವನಾಗಿ ಆಡಿದ ಮೊದಲ ಮಾತು ಅದು. ನನಗೆ ಉತ್ತರ ಹೊಳೆಯಲಿಲ್ಲ.

ಅಕ್ಕನಿಗೆ ಬೇರೆ ಚಿಂತೆ. ಗೆದ್ದರೆ ತಾನೇ ಕೊಡ್ತೀನಿ ಅಂದಿದ್ದು, ಈಗ ಹರಕೆ ತೀರಿಸಬೇಕಾ? ಎರಡು ದಿನ ಕೇಳಿದಳು. ಆಮೇಲೆ ತಾನೇ "ಕುತ್ತಿಗೆ ಉಳೀತಲ್ಲೋ" ಅಂದು ಉದ್ದಿನಬೇಳೆ ನೆನೆಹಾಕಿದಳು. ಕುಸ್ತಿ ಆಡುವ ಮನೆಯವರಿಗೆ ಆ ಮಾತಿನ ತೂಕ ಗೊತ್ತು. ನಮ್ಮ ಗರಡಿಯೊಳಗೆ ಹೆಂಗಸರು ಹೋಗುವ ರೂಢಿಯಿಲ್ಲ. ಹಾಗಾಗಿ ಶನಿವಾರ ಹಾರದ ಬುಟ್ಟಿ ನನ್ನ ಕೈಗೆ ಬಂತು. ಹುಡುಗ ಬರಲ್ಲ ಅಂದ. "ಯಾವ ಮುಖ ಇಟ್ಕೊಂಡು ಹೋಗಲಿ?"

ಆಗ ನೆನಪಾಗಿದ್ದು ಹನುಮಪ್ಪನ ಕತೆಯೇ. ಸಮುದ್ರ ಹಾರಿದ್ದು ಎಲ್ಲರಿಗೂ ಗೊತ್ತು. ಹಾರಿದ ಮೇಲೆ ಲಂಕೆಯ ಮನೆಮನೆ ಹುಡುಕಿದರೂ ಸೀತೆ ಸಿಗದೆ ಕುಗ್ಗಿ ಹೋಗಿದ್ದನ್ನು ಯಾರೂ ಹೆಚ್ಚು ಹೇಳಲ್ಲ. ಯಾವ ಮುಖ ಇಟ್ಟುಕೊಂಡು ರಾಮನ ಹತ್ತಿರ ಹೋಗಲಿ ಅಂತ ಅವನಿಗೂ ಅನ್ನಿಸಿತ್ತು. ವಾಪಸ್ಸೇ ಹೋಗಲ್ಲ, ಪ್ರಾಣ ಬಿಡ್ತೀನಿ ಅನ್ನುವವರೆಗೂ ಹೋಗಿತ್ತು ಯೋಚನೆ. ಆಮೇಲೆ ನೋಡಿದರೆ ಹುಡುಕದ ಜಾಗ ಒಂದು ಉಳಿದಿತ್ತು, ಅಶೋಕವನ.

ಕತೆಯನ್ನು ಇಷ್ಟೇ ಹೇಳಿದೆ. ನೀನೂ ಹಾಗೇ ಆಗ್ತೀಯ ಅಂತ ಸೇರಿಸಲಿಲ್ಲ. ಸೇರಿಸಿದ್ದರೆ ಮತ್ತೆ ಗೋಡೆ ಕಡೆ ತಿರುಗುತ್ತಿದ್ದ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, "ಚಪ್ಪಲಿ ಎಲ್ಲಿ?" ಅಂದ.

ಗರಡಿಯಲ್ಲಿ ಉಸ್ತಾದರು ಕುಸ್ತಿಯ ಮಾತೇ ಎತ್ತಲಿಲ್ಲ. ಪಟ್ಟಿ ಕಟ್ಟಿದ ಭುಜವನ್ನೊಮ್ಮೆ ನೋಡಿ, "ಬಾ ಮಗಾ, ಇವತ್ತು ಮಟ್ಟಿ ಪೂಜೆ ನಿಂದು" ಅಂದರು. ಮಟ್ಟಿ ಅಂದರೆ ಕುಸ್ತಿ ಆಡುವ ಮಣ್ಣು; ಅರಿಶಿನ, ಎಣ್ಣೆ, ಕರ್ಪೂರ ಬೆರೆಸಿ ಹದ ಮಾಡಿದ ಕೆಮ್ಮಣ್ಣು. ಅದನ್ನು ನಡುವೆ ಗುಡ್ಡೆ ಮಾಡಬೇಕು. ಎಡಗೈ ಒಂದರಲ್ಲೇ ಎಳೆದ. ಗುಡ್ಡೆ ಸೊಟ್ಟಗಾಯಿತು. ಚಿಕ್ಕ ಹುಡುಗರು ಸಹಾಯಕ್ಕೆ ಬಂದರೆ ಉಸ್ತಾದರು ಕಣ್ಣಲ್ಲೇ ತಡೆದರು. ಮೂರು ಸಲ ಕುಸಿದ ಮೇಲೆ ನಿಂತಿತು. ಹಣೆ ಬೆವತಿತ್ತು, ಮೊಣಕಾಲಿನವರೆಗೂ ಮಣ್ಣು.

ನಾನು ವಡೆ ಹಾರ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಅವನು ತಿರುಗಿ ನೋಡಿ ಕೈ ಚಾಚಿದ.

"ಮಾವ, ಆ ಕುಂಕುಮ ಕೊಡಿ ಇಲ್ಲಿ."