ಹೀಬಿ ಮಾಡೆಲ್: ಚಕ್ರ ಮುಗಿಯಿತು, ಕೈ ಬಾಕಿ

ಚಕ್ರ ಎರಡೂ ತಯಾರಾದವು. ಇಷ್ಟು ದಿನ ಮೇಜಿನ ಮೇಲೆ ಬರೀ ಬಳೆ, ತಂತಿ, ಮಣಿ ಬಿದ್ದಿದ್ದವು. ಈಗ ಯಾರು ನೋಡಿದರೂ ರಥ ಅಂತ ಗೊತ್ತಾಗುತ್ತದೆ.

ಹೊಸಬರಿಗೆ ಹೇಳಿಬಿಡುತ್ತೇನೆ. ಹೀಬಿ ಗ್ರೀಕರ ಯೌವನದ ದೇವತೆ, ಝ್ಯೂಸ್ ಮತ್ತು ಹೀರಾ ದಂಪತಿಯ ಮಗಳು. ಶಿಲ್ಪಗಳಲ್ಲಿ ಅವಳ ಕೈಗೆ ಹೂಜಿ, ಬಟ್ಟಲು ಕೊಟ್ಟುಬಿಡುತ್ತಾರೆ. ದೇವರುಗಳಿಗೆ ನೆಕ್ಟರ್ ಅನ್ನುವ ಪಾನೀಯ ಸುರಿಯುವವಳು ಅಲ್ವಾ! ಇಟಲಿಯ ಶಿಲ್ಪಿ ಕನೋವಾ ಇದನ್ನೇ ನಾಲ್ಕು ಸಲ ಅಮೃತಶಿಲೆಯಲ್ಲಿ ಕೆತ್ತಿದ. 1796ರ ಮೊದಲನೆಯದು ಬರ್ಲಿನ್‌ನಲ್ಲಿದೆ. ಚೆಲುವಾಗಿದೆ, ಎರಡು ಮಾತಿಲ್ಲ. ಆದರೆ ನನಗೆ ಹೋಮರ್‌ನ ಮಹಾಕಾವ್ಯ ಇಲಿಯಡ್‌ನ 5ನೇ ಭಾಗದ ಹೀಬಿಯೇ ಜಾಸ್ತಿ ಇಷ್ಟ. ಯುದ್ಧಕ್ಕೆ ಹೊರಡುವ ಅವಸರದಲ್ಲಿ ಹೀರಾ ಕುದುರೆಗಳನ್ನು ಸಜ್ಜು ಮಾಡುತ್ತಿದ್ದರೆ, ಮಗಳು ಚಕಚಕನೆ ರಥಕ್ಕೆ ಚಕ್ರ ಹಾಕುತ್ತಾಳೆ. ನಾನು ಮಾಡುತ್ತಿರುವುದು ಆ ಗಳಿಗೆ.

ಚಕ್ರ ಬಿಚ್ಚಿಟ್ಟಿದ್ದು ಯಾಕೆ ಅನ್ನಬಹುದು. ಪ್ರಾಚೀನ ಗ್ರೀಸಿನ ಕ್ನೋಸಸ್ ಮತ್ತು ಪೈಲೋಸ್ ಅರಮನೆಗಳಲ್ಲಿ ಸಿಕ್ಕ, ಲೆಕ್ಕ ಬರೆದ ಮಣ್ಣಿನ ಹಲಗೆಗಳಲ್ಲೂ ಚಕ್ರಗಳ ಲೆಕ್ಕ ಬೇರೆಯಾಗಿಯೇ ಇದೆ. ಹೋಮರ್ ಸುಮ್ನೆ ಬರೆದಿದ್ದಲ್ಲ.

ಅವನು ಕೊಟ್ಟ ವಿವರವಂತೂ ಬಡಗಿಗೆ ಕೊಟ್ಟ ಚೀಟಿ ಇದ್ದಹಾಗಿದೆ. ಕಂಚಿನ ಚಕ್ರ, ಎಂಟು ಅರೆಕಾಲು (ಚಕ್ರದ ಕಡ್ಡಿ), ಕಬ್ಬಿಣದ ಅಚ್ಚು, ಚಿನ್ನದ ಸುತ್ತು, ಅದರ ಮೇಲೆ ಕಂಚಿನ ಪಟ್ಟಿ, ನಡುವೆ ಬೆಳ್ಳಿಯ ಗುಂಬ. ಗ್ರೀಕರ ಹಳೆಯ ಚಿತ್ರಗಳಲ್ಲಿ ಸಾಮಾನ್ಯವಾಗಿ ನಾಲ್ಕೇ ಅರೆಕಾಲು. ದೇವರ ರಥಕ್ಕೆ ಎಂಟು. ಕೆಲಸವೂ ಎರಡರಷ್ಟು.

ಸುತ್ತಿಗೆ ಎರಡು-ಆರು ಅಳತೆಯ ಹಿತ್ತಾಳೆ ಬಳೆ. ಕಾಗದವನ್ನು ದುಂಡಗೆ ಕತ್ತರಿಸಿ ಮೂರು ಸಲ ಅರ್ಧಕ್ಕೆ ಮಡಚಿ ಬಿಡಿಸಿದರೆ ಎಂಟು ಗೆರೆ ಸಿಗುತ್ತವೆ, ಕೋನಮಾಪಕ ಬೇಡ. ಬಳೆಯನ್ನು ಅದರ ಮೇಲಿಟ್ಟು ಗುರುತು ಹಾಕಿ, ಮೊಳೆಯ ತುದಿಯಿಂದ ಸಣ್ಣ ಗುಳಿ ಮಾಡಿಕೊಂಡು ಕೈ ಡ್ರಿಲ್ಲಿನಲ್ಲಿ ಕೊರೆದೆ. ಗುಳಿ ಇಲ್ಲದಿದ್ದರೆ ಬಿಟ್ ಜಾರುತ್ತದೆ. ಹಿತ್ತಾಳೆ ತಂತಿಯನ್ನು ಹೊರಗಿನಿಂದ ತೂರಿಸಿ, ಬೆಳ್ಳಿ ಬಣ್ಣ ಬಳಿದ ಮರದ ಮಣಿಗೆ ಸಿಕ್ಕಿಸಬೇಕು. ಆಮೇಲೆ ಸುತ್ತಲೂ ತೆಳು ತಗಡಿನ ಪಟ್ಟಿ ಅಂಟಿಸಿದರೆ ತೂತುಗಳೆಲ್ಲ ಮುಚ್ಚಿಹೋಗುತ್ತವೆ. ಅಚ್ಚಿಗೆ ಸೈಕಲ್ ಸ್ಪೋಕ್. ಕಡೆಗೀಲಿನ ಮಾತು ಹೋಮರ್‌ನ ಆ ಸಾಲುಗಳಲ್ಲಿಲ್ಲ, ಅದು ನನ್ನ ಸೇರ್ಪಡೆ. ಹೀಬಿ ಒಂದು ಮೊಣಕಾಲೂರಿ ಅದನ್ನೇ ಒತ್ತುತ್ತಿರುತ್ತಾಳೆ.

ಬೊಂಬೆಯ ತಂತಿಗೂಡು ನಿಂತಿದೆ, ಎಪಾಕ್ಸಿ ಪುಟ್ಟಿಯಲ್ಲಿ ಬೆನ್ನು, ಕಾಲು ಆಗಿವೆ. ಮುಖ ಬಗ್ಗಿರುವುದರಿಂದ ಅದರಲ್ಲಿ ವಯಸ್ಸು ಕಾಣಿಸುವುದು ಅಷ್ಟಕ್ಕಷ್ಟೇ. ಎಳೆತನವೆಲ್ಲ ಬೆನ್ನಿನ ಬಾಗಿನಲ್ಲಿ, ನೆಲ ಬಿಟ್ಟ ಹಿಮ್ಮಡಿಯಲ್ಲಿ ಬರಬೇಕು. ಹಿಮ್ಮಡಿ ಪರವಾಗಿಲ್ಲ. ಕೈಗಳು ಇನ್ನೂ ಬರೀ ತಂತಿ. ಪುಟ್ಟಿ ಬೇಗ ಗಟ್ಟಿಯಾಗುವುದರಿಂದ ಬೆರಳುಗಳಿಗೆ ಕಡಲೆಕಾಳಿನಷ್ಟೇ ಕಲಸಿಕೊಳ್ಳಬೇಕು.

ಅದೇ 5ನೇ ಭಾಗದ ಕೊನೆಗೆ, ಗ್ರೀಕ್ ವೀರ ಡಯೊಮೀಡೀಸನಿಂದ ಗಾಯಗೊಂಡು ಬಂದ ಅಣ್ಣ, ಯುದ್ಧದ ದೇವರು ಏರೀಸ್‌ಗೆ ಸ್ನಾನ ಮಾಡಿಸಿ ಬಟ್ಟೆ ತೊಡಿಸುವವಳೂ ಇವಳೇ. ಅಣ್ಣನ ಯುದ್ಧ, ಅಮ್ಮನ ಯುದ್ಧ, ಮನೆಗೆಲಸ ಮಾತ್ರ ಹೀಬಿಗೆ! ಮುಂದಿನ ಮಾಡೆಲ್ ಅದೇ ಇರಬಹುದು.

ಕುದುರೆ ಮಾಡುವುದಿಲ್ಲ. ಹೀರಾ ಇನ್ನೂ ಕರೆತಂದಿಲ್ಲ ಅಂದುಕೊಳ್ಳಿ. ರಥದ ಮೂಕಿಗೆ ಒಂದು ಊರುಗೋಲು ಕೊಟ್ಟು, ಚಿನ್ನದ ನೊಗವನ್ನು ಖಾಲಿಯಾಗಿಯೇ ಬಿಡುತ್ತೇನೆ.