ಬೇಕಲ ದಾಟದ ಮೋಡ

ವಾತಾವರಣದ ಪದರಗಳನ್ನು ನಾವು ಕಲಿತದ್ದು ತಿರುವನಂತಪುರಕ್ಕೆ ಹೋಗುವ ರೈಲು ದಾರಿಯಲ್ಲಿ. 2002ರಲ್ಲಿ ನನ್ನ ಜೊತೆ ಒಂಬತ್ತನೇ ಕ್ಲಾಸಿನಲ್ಲಿ ಇದ್ದವರಿಗೆ ಇಷ್ಟು ಹೇಳಿದರೆ ಸಾಕು, ನಗು ಬರುತ್ತದೆ. ಉಳಿದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು.

ಶಾಲೆ ಶುರುವಾಗಿ ಕೆಲವು ವಾರ ಕಳೆದಿತ್ತು. ಕನ್ನಡ ಪಾಠಪುಸ್ತಕ ಇನ್ನೂ ಕೈಸೇರಿರಲಿಲ್ಲ. ಗಡಿಯ ಕನ್ನಡ ಮಕ್ಕಳಿಗೆ ಅದು ಹೊಸ ಸುದ್ದಿಯೇನಲ್ಲ ಬಿಡಿ. ಹೊರಗೆ ಜೋರು ಮಳೆ. ನಮ್ಮ ಸಮಾಜದ ಮಾಷ್ಟ್ರು ಒಂದು ಚಾಕ್ ತುಂಡು, ಟೈಲರ್ ಟೇಪು ಹಿಡಿದು ನಮ್ಮನ್ನೆಲ್ಲ ವರಾಂಡಕ್ಕೆ ಕರೆದರು. ಕೆಂಪು ಕಾವಿ ನೆಲದ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಆರು ಮೀಟರ್ ಗೆರೆ ಎಳೆದರು. ಒಂದು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್.

"ಇದು ಕಾಸರಗೋಡು ಸ್ಟೇಷನ್, ಇದೇ ನೆಲ. ಟ್ರೈನ್ ತೆಂಕು ಮುಖ ಹೋದ ಹಾಗೆ ನೀವು ಮೇಲೆ ಹೋಗ್ತಾ ಇದ್ದೀರಿ" ಅಂದರು.

ಮೊದಲ ಗುರುತು 16 ಸೆಂಟಿಮೀಟರಿಗೆ ಬಿತ್ತು. ಅದು ಬೇಕಲ. ನೆಲಕ್ಕೆ ತಾಗಿದ ಮೊದಲ ಪದರ, ಪರಿವರ್ತನ ಮಂಡಲ, ಅಲ್ಲಿಗೆ ಮುಗಿಯಿತು. ಭೂಮಿಯ ಒಟ್ಟು ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಅಷ್ಟರೊಳಗೇ ಇದೆ. ನೀರಿನ ಆವಿಯಂತೂ ಹೆಚ್ಚುಕಮ್ಮಿ ಎಲ್ಲವೂ ಅಲ್ಲೇ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಮಾಷ್ಟ್ರು ಅಂಗಳದ ಕಡೆ ಕೈ ತೋರಿಸಿ, "ಇಷ್ಟು ಹೊಯ್ಯುವ ಮೋಡ ಕೂಡಾ ಬೇಕಲ ದಾಟುವುದಿಲ್ಲ" ಅಂದರು.

ಆಮೇಲೆ ಆ 16 ಸೆಂಟಿಮೀಟರಿನೊಳಗೆ ನಿಲ್ಲಲು ಹೇಳಿದರು. ಒಂದು ಪಾದ ಅಡ್ಡ ಇಟ್ಟರೆ ಜಾಗ ಮುಗಿಯಿತು. ಹಿಂದಿನ ಬೆಂಚಿನವರು ನೂಕಾಡಿ ಪಯ್ಯನ್ನೂರಿನವರೆಗೆ ಹೋಗಿ ಬಿದ್ದರು. ಎವರೆಸ್ಟ್ ಎಲ್ಲಿ ಅಂತ ಯಾರೋ ಕೇಳಿದಾಗ ಒಂಬತ್ತು ಸೆಂಟಿಮೀಟರಿಗೂ ಒಂದು ಕೂದಲು ಈಚೆ ಚುಕ್ಕೆ ಇಟ್ಟರು. ಸಿಲಿಂಡರ್ ಇಲ್ಲದೆ ಅಲ್ಲಿ ಉಸಿರಾಡುವುದೇ ಕಷ್ಟ. ಆರು ಮೀಟರ್ ಗೆರೆಯಲ್ಲಿ ನಮ್ಮ ಬದುಕಿಗೆ ಸಿಕ್ಕಿದ್ದು ಐದಾರು ಸೆಂಟಿಮೀಟರ್! ಭೂಗೋಳದ ಚಿತ್ರಗಳಲ್ಲಿ ಐದೂ ಪದರಗಳನ್ನು ಒಂದೇ ದಪ್ಪಕ್ಕೆ ಬಿಡಿಸಿ ಬೇರೆ ಬೇರೆ ಬಣ್ಣ ತುಂಬಿರುತ್ತಾರೆ. ಅಂಥ ಚಿತ್ರ ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಚಳಿಯ ಲೆಕ್ಕವೂ ಗೆರೆಯ ಮೇಲೇ ನಡೆಯಿತು. ಕಾಸರಗೋಡಿನಲ್ಲಿ 27 ಡಿಗ್ರಿ ಅಂತ ಇಟ್ಟುಕೊಳ್ಳಿ. ಕಿಲೋಮೀಟರಿಗೆ ಆರೂವರೆ ಡಿಗ್ರಿಯಂತೆ ಇಳಿಸುತ್ತಾ ಹೋದರೆ ಕೋಟಿಕುಳದ ಹತ್ತಿರ ಮೈನಸ್ 50 ದಾಟುತ್ತದೆ, ಬೇಕಲದಲ್ಲಿ ಮೈನಸ್ 80ರ ಆಸುಪಾಸು. ಗಾಳಿಗೆ ಬಿಸಿ ಮುಖ್ಯವಾಗಿ ಸಿಗುವುದು ಕೆಳಗಿನ ನೆಲದಿಂದ, ಹಾಗಾಗಿ ಮೇಲೆ ಹೋದಷ್ಟೂ ತಂಪು. ಧ್ರುವದ ಕಡೆ ಈ ಪದರ ಬರೀ ಎಂಟು ಕಿಲೋಮೀಟರ್, ಉದುಮ ಮುಟ್ಟುವ ಮೊದಲೇ ಮುಗಿಯುತ್ತದೆ. ನಮ್ಮ ಕಡೆ ಬಿಸಿಲಿಗೆ ಗಾಳಿ ಉಬ್ಬಿ ಮೇಲೇಳುವುದರಿಂದ ಪದರ ದಪ್ಪ, ದಪ್ಪ ಇರುವುದರಿಂದ ಅದರ ತುದಿಯಲ್ಲಿ ಧ್ರುವಕ್ಕಿಂತಲೂ ಜಾಸ್ತಿ ಚಳಿ. ಜೆಟ್ ವಿಮಾನ ಹಾರುವುದು ಅದರ ಮೇಲಿನ ಪದರ ಸಮೋಷ್ಣ ಮಂಡಲದಲ್ಲಿ ಅಂತ ನಾವೆಲ್ಲ ಹಿಂದೆ ಬಾಯಿಪಾಠ ಮಾಡಿದ್ದೆವು. "ನಮ್ಮ ತಲೆ ಮೇಲೆ ಹೋಗುವ ವಿಮಾನ ಕೋಟಿಕುಳದಲ್ಲೇ ಇರ್ತದೆ. ಅದಿನ್ನೂ ಪರಿವರ್ತನ ಮಂಡಲ ಅಲ್ವಾ?" ಅಂದರು ಮಾಷ್ಟ್ರು.

ಮುಂದಿನ ಸ್ಟೇಷನ್‌ಗಳು ಬೇಗ ಬೇಗ ಬಂದವು. ಕಾಞಂಗಾಡಿನ ಸುತ್ತಮುತ್ತ ಓಝೋನ್ ದಟ್ಟವಾಗಿದೆ. ಅದು ಸೂರ್ಯನ ನೇರಳಾತೀತ ಕಿರಣ ಹೀರಿ ಬಿಸಿಯಾಗುವುದರಿಂದ ಚಳಿ ಕಡಿಮೆಯಾಗುತ್ತಾ ಪಯ್ಯನ್ನೂರಿನಲ್ಲಿ ಸೊನ್ನೆ ಡಿಗ್ರಿಯ ಹತ್ತಿರ ಬರುತ್ತದೆ. ಅಲ್ಲಿಗೆ 50 ಕಿಲೋಮೀಟರ್, ಸಮೋಷ್ಣ ಮಂಡಲ ಮುಗಿಯಿತು. ಅಲ್ಲಿಂದ ಕಣ್ಣೂರಿನವರೆಗೆ ಮಧ್ಯಂತರ ಮಂಡಲ, ಮತ್ತೆ ಚಳಿ, ಮೈನಸ್ 90ರವರೆಗೆ. ಉಲ್ಕೆಗಳು ಉರಿಯುವುದು ಹೆಚ್ಚಾಗಿ ಈ ದಾರಿಯಲ್ಲೇ. ಕಣ್ಣೂರಿನಿಂದ ತಿರುವನಂತಪುರದವರೆಗೆ ಬರೀ ಉಷ್ಣತಾ ಮಂಡಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಎರ್ನಾಕುಳಂ ದಾಟಿದಲ್ಲಿ, ಸುಮಾರು 400 ಕಿಲೋಮೀಟರಿನಲ್ಲಿ. ಅದರಾಚೆ ಬಾಹ್ಯ ಮಂಡಲ, ಅಷ್ಟರಲ್ಲಿ ವರಾಂಡವೂ ಮುಗಿದಿತ್ತು, ಕೇರಳವೂ ಮುಗಿದಿತ್ತು.

"ಉಷ್ಣತಾ ಮಂಡಲದಲ್ಲಿ ಸಾವಿರ ಡಿಗ್ರಿಗಿಂತ ಜಾಸ್ತಿ ಬಿಸಿ ಅಂತೀರಿ, ನಿಲ್ದಾಣದ ಒಳಗಿದ್ದವರು ಸುಟ್ಟು ಹೋಗುದಿಲ್ವಾ ಮಾಷ್ಟ್ರೇ?" ಅಂತ ಕೇಳಿದ್ದು ಮುಂದಿನ ಬೆಂಚಿನ ಹುಡುಗಿ. ಮಾಷ್ಟ್ರಿಗೆ ಖುಷಿಯೋ ಖುಷಿ. ಅಲ್ಲಿರುವ ಒಂದೊಂದು ಕಣವೂ ಭಾರಿ ವೇಗದಲ್ಲಿ ಓಡುತ್ತದೆ, ಆ ವೇಗದ ಲೆಕ್ಕವೇ ಸಾವಿರ ಡಿಗ್ರಿ. ಆದರೆ ಕಣಗಳೇ ತೀರಾ ಕಡಿಮೆ, ಮೈಗೆ ತಾಗುವಷ್ಟು ಬಿಸಿ ಕೊಡಲು ಅವುಗಳಿಂದ ಆಗುವುದಿಲ್ಲ. ಇದನ್ನು ವಿವರಿಸುವಷ್ಟರಲ್ಲಿ ಬೆಲ್ ಹೊಡೆದು, ಲೆಕ್ಕದ ಟೀಚರ್ ಬಂದು ಕಾದು ನಿಂತಿದ್ದರು.

ಚಾಕ್ ಗೆರೆ ಒದ್ದೆ ಕಾಲಿಗೆ ಅಳಿದು ಹೋಗುತ್ತಿತ್ತು. ಮಳೆ ಬಿಟ್ಟ ಮೇಲೆ ಮಾಷ್ಟ್ರು ಕಿಟಕಿಗೆ ಬಳಿದು ಉಳಿದಿದ್ದ ಬಿಳಿ ಪೈಂಟಿನಲ್ಲಿ ಅದನ್ನು ಗಟ್ಟಿ ಮಾಡಿದರು. ಹೆಡ್ಮಾಷ್ಟ್ರು ಮೊದಲು ರೇಗಿದರು. ಆಮೇಲೆ ಶಾಲೆಗೆ ಯಾರೇ ಬಂದರೂ ಮೊದಲು ತೋರಿಸುತ್ತಿದ್ದದ್ದು ಆ ಗೆರೆಯನ್ನೇ.

ಗೆರೆಗೆ ಹೊಸ ಗುರುತುಗಳೂ ಸೇರುತ್ತಾ ಹೋದವು. 1963ರ ನವೆಂಬರ್ 21ರ ಸಂಜೆ ತಿರುವನಂತಪುರದ ಹತ್ತಿರದ ತುಂಬಾ ಅನ್ನುವ ಊರಿನಿಂದ ಹಾರಿದ ಮೊದಲ ರಾಕೆಟ್ ಸುಮಾರು 200 ಕಿಲೋಮೀಟರ್ ಏರಿತ್ತು. ನಮ್ಮ ಲೆಕ್ಕದಲ್ಲಿ ಕಲ್ಲಿಕೋಟೆ ದಾಟಿ ತಿರೂರಿನ ಹತ್ತಿರ. ಅಷ್ಟು ಎತ್ತರದ ಗಾಳಿ ಯಾವ ಕಡೆ ಬೀಸುತ್ತದೆ ಅಂತ ನೋಡಲು ಅದು ಸೋಡಿಯಂ ಆವಿ ಬಿಟ್ಟಿತ್ತಂತೆ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಹತ್ತಿರದಲ್ಲೇ ಹಾದುಹೋಗುವ ಕಾರಣಕ್ಕೆ ತುಂಬಾವನ್ನು ಆರಿಸಿದ್ದು ಅಂತಲೂ ಹೇಳಿದ್ದರು. ತಿರುವನಂತಪುರ ಅಂದರೆ ನಮಗೆ ಅರ್ಜಿ, ಫೈಲು ಹೋಗಿ ಸೇರುವ ದೂರದ ಊರು. ಅಲ್ಲಿಂದ ರಾಕೆಟ್ ಕೂಡಾ ಹೋಗುತ್ತದೆ ಅನ್ನುವುದು ನಮ್ಮಲ್ಲಿ ಸುಮಾರು ಜನಕ್ಕೆ ಹೊಸ ವಿಷಯ.

ಕೊನೆಯ ಗುರುತು 2003ರ ಫೆಬ್ರವರಿಯದ್ದು. ಶನಿವಾರ ರಾತ್ರಿ ಟಿವಿಯಲ್ಲಿ ಸುದ್ದಿ ಬಂತು. ಕಲ್ಪನಾ ಚಾವ್ಲಾ ಸೇರಿ ಏಳು ಜನ ಇದ್ದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಇಳಿದು ಬರುವಾಗ ಚೂರಾಗಿತ್ತು. ಸೋಮವಾರ ಮಾಷ್ಟ್ರು ಪುಸ್ತಕ ತೆರೆಯಲಿಲ್ಲ. ವರಾಂಡಕ್ಕೆ ಹೋಗಿ 60ರ ಹತ್ತಿರ, ಪಯ್ಯನ್ನೂರು ದಾಟಿ ಏಳಿಮಲೆಯಲ್ಲಿ ಒಂದು ಚುಕ್ಕೆ ಇಟ್ಟರು. ಗಾಳಿ ಇಲ್ಲ ಅನ್ನುವಷ್ಟು ತೆಳುವಾದ ಜಾಗ ಅದು. ಆದರೆ ಗಂಟೆಗೆ 20 ಸಾವಿರ ಕಿಲೋಮೀಟರ್ ವೇಗದಲ್ಲಿ ಬರುವಾಗ ಎದುರಿನ ಅಷ್ಟೇ ಗಾಳಿ ಬೆಂಕಿಯಂತೆ ಕಾಯುತ್ತದೆ. ಹೊರಡುವಾಗ ಬಡಿದ ಫೋಮ್ ತುಂಡಿನಿಂದ ಎಡ ರೆಕ್ಕೆಯಲ್ಲಿ ತೂತಾಗಿ, ಅದರೊಳಗೆ ಆ ಬಿಸಿ ಗಾಳಿ ನುಗ್ಗಿತ್ತು ಅನ್ನುವುದು ತನಿಖೆಯಲ್ಲಿ ಗೊತ್ತಾದದ್ದು ಆಮೇಲೆ.

ಆ ವರ್ಷದ ಪರೀಕ್ಷೆಯಲ್ಲಿ ಮಧ್ಯಂತರ ಮಂಡಲದ ಬಗ್ಗೆ ಎರಡು ಮಾರ್ಕಿನ ಪ್ರಶ್ನೆ ಇತ್ತು. ನಮ್ಮ ಕ್ಲಾಸಿನ ಹೆಚ್ಚಿನವರು ಒಂದೊಂದು ಪುಟ ಬರೆದಿದ್ದರು. ತಿದ್ದಿ ತಿದ್ದಿ ಕೈ ನೋವು ಬಂತು ಅಂತ ಮಾಷ್ಟ್ರು ಸ್ಟಾಫ್ ರೂಮಿನಲ್ಲಿ ಗೊಣಗಿದರಂತೆ. ಮಾರ್ಕು ಮಾತ್ರ ಎರಡೇ.